ಪಚ್ಚೆ ಬಿಟ್ಟು ಹಸಿರು ನೀಲ ಕೂರಿಸಿದೆ: ನನ್ನ ಅನುಭವ

ಹೋದ ವಾರ ಆ ಉಂಗುರ ಮತ್ತೆ ನನ್ನ ಮೇಜಿಗೆ ಬಂತು. ಮೂರು ಮಳೆಗಾಲ ದಾಟಿದ ಉಂಗುರ. ಅಂಟವಾಳದ ನೀರಿನಲ್ಲಿ ತೊಳೆದು, ಒರೆಸಿ, ಲೂಪ್, ಅಂದರೆ ನಮ್ಮ ಕಸುಬಿನ ಪುಟ್ಟ ಭೂತಗನ್ನಡಿ, ಹಿಡಿದು ನೋಡಿದೆ. ಚಿನ್ನದ ಮೈ ತುಂಬ ಗೀರು. ಒಂದು ಕಡೆ ಏನೋ ತಾಗಿ ಸಣ್ಣ ತಗ್ಗೂ ಬಿದ್ದಿದೆ. ಅದರ ಹಸಿರು ನೀಲಕ್ಕೆ, ಅಂದರೆ ಹಸಿರು ಬಣ್ಣದ ಸಫೈರಿಗೆ, ಮಾತ್ರ ಏನೂ ಆಗಿಲ್ಲ. ಅಂಚುಗಳೆಲ್ಲ ಕೂರಿಸಿದ ದಿನದಷ್ಟೇ ಚೂಪು. ಅಂದು ಕುಮಟೆಯಲ್ಲಿ ನಮ್ಮ ಸಾಲಿನ ಚಿನ್ನದಂಗಡಿಯವರೇ ನಾಲ್ಕು ಜನ, "ಶೇಟ್ರೇ, ಇದು ನಡೆಯೋ ಕೆಲಸ ಅಲ್ಲ, ಸುಮ್ನೆ ಪಚ್ಚೆ ಕೂರಿಸಿ ಕೊಟ್ಟು ಕೈ ತೊಳಕೊಳ್ಳಿ" ಎಂದಿದ್ದರು. ಅವರೂ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

2022ರ ಶುರುವಿನಲ್ಲಿ ಶಿರಸಿ ಕಡೆಯ ಹುಡುಗ ಹುಡುಗಿ ಒಟ್ಟಿಗೇ ಬಂದರು. ದೇವಿಮನೆ ಘಟ್ಟ ಇಳಿದು ನನ್ನ ಅಂಗಡಿಗೆ ಬರಬೇಕಾದರೆ ಯಾರೋ ಹೇಳಿ ಕಳಿಸಿರಬೇಕು. ನಿಶ್ಚಿತಾರ್ಥದ ಉಂಗುರ, ಹಸಿರು ಕಲ್ಲೇ ಬೇಕು, ಎಲ್ಲ ಸೇರಿ ಒಂದು ಲಕ್ಷದೊಳಗೆ ಆಗಬೇಕು. ಹಸಿರು ಎಂದರೆ ಯಾವ ಹಸಿರು ಎಂದು ಕೇಳಿದೆ. ಹುಡುಗಿ "ಬಲಿತ ವೀಳ್ಯದೆಲೆ" ಎಂದಳು. ಇಷ್ಟು ಸರಿಯಾಗಿ ಬಣ್ಣ ಹೇಳಿದ ಗಿರಾಕಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಅವಳ ಮನೆಯವರದು ನರ್ಸರಿ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಕಸಿ ಹಲಸು. ದಿನಾ ಮಣ್ಣು, ಮರಳು, ಗೊಬ್ಬರ ಕಲಸಿ ಚೀಲ ತುಂಬುವ ಕೈ. "ಉಂಗುರ ತೆಗೆದಿಟ್ಟು ಕೆಲಸ ಮಾಡೋ ಅಭ್ಯಾಸ ನಂಗಿಲ್ಲ" ಎಂದು ಮೊದಲೇ ಹೇಳಿಬಿಟ್ಟಳು.

ಕಲ್ಲು ಎಷ್ಟು ಗೀರು ತಡೆಯುತ್ತದೆ ಎನ್ನುವ ಹತ್ತರ ಅಳತೆಯಲ್ಲಿ ಮರಳಿನ ಗಡಸು 7. ಅದಕ್ಕಿಂತ ಮೆತ್ತಗಿನದ್ದಕ್ಕೆಲ್ಲ ಅದು ಗೀರು ಹಾಕುತ್ತದೆ.

ಮೊದಲು ನನ್ನ ನಷ್ಟಗಳ ಪಟ್ಟಿ ಹೇಳುತ್ತೇನೆ. ಅದು ಗೊತ್ತಾಗದೆ ನಾನು ಯಾಕೆ ಪಚ್ಚೆ ಬೇಡ ಎಂದೆ ಎನ್ನುವುದು ಅರ್ಥ ಆಗುವುದಿಲ್ಲ. ಅದಕ್ಕೂ ಐದಾರು ವರ್ಷ ಹಿಂದೆ ಒಂದು ಪಚ್ಚೆ ಉಂಗುರ ಕ್ಲೀನಿಂಗಿಗೆ ಬಂದಿತ್ತು. ಜಾಂಬಿಯಾ ಮಾಲು, ಒಂದೂಕಾಲು ಕ್ಯಾರೆಟ್ ಇದ್ದಿರಬೇಕು. ನಾನು ಮೀನು ತರಲು ಹೋಗಿದ್ದೆ. ನಮ್ಮ ಹುಡುಗ ಅದನ್ನು ಬೇರೆ ಉಂಗುರಗಳ ಜೊತೆ ನೀರನ್ನು ಅದುರಿಸಿ ತೊಳೆಯುವ ಅಲ್ಟ್ರಾಸೋನಿಕ್ ಮೆಷಿನ್ನಿಗೆ ಹಾಕಿ ಸ್ವಿಚ್ ಒತ್ತಿದ್ದ. ಬಂದು ನೋಡಿದರೆ ಬಿರುಕು ಮರೆಸಲು ಪಚ್ಚೆಗೆ ತುಂಬಿದ್ದ ಎಣ್ಣೆ ಇಳಿದು, ಅಲ್ಲಿಯವರೆಗೆ ಅಡಗಿದ್ದ ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಗಿರಾಕಿಗೆ 42 ಸಾವಿರ ಕೊಟ್ಟು ಕಲ್ಲು ನಾನೇ ಇಟ್ಟುಕೊಂಡೆ. ಹುಡುಗನಿಗೆ ಬೈಯಲಿಲ್ಲ. ಎಣ್ಣೆಯ ವಿಷಯ ಅವನಿಗೆ ನಾನು ಹೇಳಿಯೇ ಇರಲಿಲ್ಲ.

ಆಮೇಲೆ ಪೆರಿಡಾಟ್, ಅದೂ ಒಂದು ಹಸಿರು ಕಲ್ಲು. ಬೆಸುಗೆ ಆದ ಮೇಲೆ ಕಲ್ಲು ಇರುವಂತೆಯೇ ಬಿಸಿ ಆಸಿಡ್ಡಿಗೆ ಇಳಿಸಿದೆ. ಅದು ನನ್ನದೇ ದಡ್ಡತನ. ತೆಗೆದಾಗ ಮೇಲ್ಮೈ ಹಬೆ ಹಿಡಿದ ಗಾಜಿನ ಹಾಗೆ ಮಂಕು. ಐದಾರು ಸಾವಿರದ ಕಲ್ಲು, ಹೋಗಲಿ ಬಿಡಿ.

ಹೆಚ್ಚು ನೋವಾದದ್ದು ತ್ಸಾವೊರೈಟಿನಲ್ಲಿ. ಕೆನ್ಯಾದ ತ್ಸಾವೋ ಕಾಡಿನ ಹೆಸರಿನ ಹಸಿರು ಗಾರ್ನೆಟ್ ಅದು. ಎಣ್ಣೆ ಇಲ್ಲ, ಕಾಯಿಸುವುದಿಲ್ಲ, ಬಣ್ಣ ನೋಡಿದರೆ ಪಚ್ಚೆಯೇ ನಾಚಬೇಕು. ಅಳತೆ ದೊಡ್ಡದು ಮಾಡಿ ಎಂದು ಬಂದ ಉಂಗುರ. ಕಲ್ಲಿಗೆ ಒದ್ದೆ ಬಟ್ಟೆ ಸುತ್ತಿ ಕೆಳಗೆ ಟಾರ್ಚ್ ಹಿಡಿದೆ. ಟಿಕ್ ಎಂದು ಒಂದು ಸದ್ದು. ಅಷ್ಟೇ. 28 ಸಾವಿರ.

ಹಾಗಾಗಿ ಈ ಹುಡುಗಿಯ ಕೈಗೆ ಏನು ಎಂದು ಕೂತು ಯೋಚಿಸಿದೆ. ಪಚ್ಚೆ ಏಳೂವರೆಯಿಂದ ಎಂಟು ಎಂದು ಪುಸ್ತಕದಲ್ಲಿ ಇದೆ. ಆದರೆ ಗೀರು ತಡೆಯುವ ಗಡಸು ಬೇರೆ, ಪೆಟ್ಟು ತಡೆಯುವ ಗಟ್ಟಿ ಬೇರೆ. ಇದನ್ನು ನಾನು ಕುಟ್ಟಿ ನೋಡಿದ್ದೇನೆ. ಒಡೆದ ಪಚ್ಚೆ ಚೂರು, ಸಫೈರ್ ಚೂರು, ನೆಫ್ರೈಟ್ ಜೇಡ್ ಎಂಬ ಕಲ್ಲಿನ ಒಂದು ಮಣಿ, ಮೂರನ್ನೂ ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹೊಡೆದೆ. ಪಚ್ಚೆ ಮೊದಲ ಪೆಟ್ಟಿಗೇ ಪುಡಿ. ಸಫೈರ್ ಮೂರನೆಯದಕ್ಕೆ ಸೀಳಿತು. ಜೇಡ್ ಮಣಿ ಪುಟಿದು ಬೀರುವಿನ ಕೆಳಗೆ ಹೋಯಿತು, ಒಡೆಯಲೇ ಇಲ್ಲ. ಹಾಗಾದರೆ ಜೇಡೇ ಕೂರಿಸಬಹುದಿತ್ತಲ್ಲ ಎನ್ನಬೇಡಿ. ಅದರ ಗಡಸು ಆರು, ಆರೂವರೆ. ಪೆಟ್ಟು ತಿನ್ನುತ್ತದೆ, ಮರಳಿಗೆ ಹೊಳಪು ಕಳಕೊಳ್ಳುತ್ತದೆ. ಅದೂ ಅಲ್ಲದೆ ನಮ್ಮ ಕಡೆ ಜೇಡ್ ತೋರಿಸಿದರೆ "ಬಳೆಗಾಜಾ ಶೇಟ್ರೇ?" ಎನ್ನುತ್ತಾರೆ.

ಇನ್ನೊಂದು ಪ್ರಯೋಗ ಮಾಡಿದೆ, ಮನೆಯವಳು ಈಗಲೂ ಅದನ್ನು ಹೇಳಿ ನಗುತ್ತಾಳೆ. ಹುಡುಗಿಯ ಹತ್ತಿರವೇ ನರ್ಸರಿಯ ಮಣ್ಣು ಮರಳು ಒಂದು ಚೀಲ ತರಿಸಿದೆ. ಹಾರ್ಲಿಕ್ಸ್ ಬಾಟಲಿಗೆ ಅದನ್ನು ತುಂಬಿ, ನನ್ನ ಹತ್ತಿರ ಇದ್ದ ಒಡಕು ಕಲ್ಲುಗಳನ್ನೆಲ್ಲ ಹಾಕಿ, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಒಂದು ತಿಂಗಳು ಓಡಾಡಿದೆ. ನಮ್ಮ ರಸ್ತೆಗಳು ಗೊತ್ತಲ್ಲ, ಬೇರೆ ಮೆಷಿನ್ ಬೇಡ. ತೆಗೆದು ನೋಡಿದರೆ ಎಲ್ಲ ಕಲ್ಲೂ ಹಾಳು, ಸಫೈರ್ ಒಂದು ಬಿಟ್ಟು. ಖುಷಿಯಾಯಿತು. ರಾತ್ರಿ ಮಲಗಿದಾಗ ಹೊಳೆಯಿತು: ಬೇರೆ ಕಲ್ಲುಗಳನ್ನು ಗೀರಿದ್ದು ಮರಳೋ, ಒಳಗಿದ್ದ ಸಫೈರೋ? ಲೆಕ್ಕ ತಪ್ಪಿತ್ತು. ಮತ್ತೆ ಹೋಮಿಯೋಪತಿ ಗುಳಿಗೆಯ ಪುಟ್ಟ ಬಾಟಲಿಗಳಲ್ಲಿ ಒಂದೊಂದನ್ನೇ ಬೇರೆ ಬೇರೆ ಹಾಕಿ ಇನ್ನೊಂದು ತಿಂಗಳು. ಈ ಸಲ ಗಾಜು ಪೂರ್ತಿ ಮಂಕು, ಪೆರಿಡಾಟಿನ ಅಂಚು ಉರುಟು, ತ್ಸಾವೊರೈಟಿನಲ್ಲಿ ಲೂಪಿಗೆ ಮಾತ್ರ ಕಾಣುವ ಕಡಿತ, ಪಚ್ಚೆಯಲ್ಲಿ ಅಲ್ಲಲ್ಲಿ ಅಂಚು ಮುರಿದಿತ್ತು. ಸಫೈರ್ ಹಾಗೆಯೇ.

ಕ್ರಿಸೊಬೆರಿಲ್ ಕೂಡ ಯೋಚಿಸಿದ್ದೆ. ನಮ್ಮ ವೈಡೂರ್ಯದ ಕುಲವೇ, ಗಡಸು ಎಂಟೂವರೆ, ಒಳ್ಳೆಯ ಕಲ್ಲು. ಆದರೆ ನನಗೆ ಸಿಕ್ಕಿದ್ದೆಲ್ಲ ಹಳದಿಗೆ ತಿರುಗಿದ ಹಸಿರು. ವೀಳ್ಯದೆಲೆ ಅಲ್ಲ, ಹಣ್ಣೆಲೆ.

ಹಸಿರು ಸಫೈರ್ ಎಂದು ತೀರ್ಮಾನಿಸಿದ ಮೇಲೆ ಮೋಸ ಹೋದದ್ದೂ ಆಯಿತು. ಊರೂರು ತಿರುಗುವ ದಲ್ಲಾಳಿಯೊಬ್ಬ ಎರಡು ಕಲ್ಲು ತಂದ. ತುಂಬ ಚೆಂದ, ಚೊಕ್ಕ, ಕ್ಯಾರೆಟ್ಟಿಗೆ 9 ಸಾವಿರ. ಅಗ್ಗ ಎಂದು ತೆಗೆದುಕೊಂಡೆ. ಮರುದಿನ ಎಣ್ಣೆಯಲ್ಲಿ ಮುಳುಗಿಸಿ ಲೂಪಿನಲ್ಲಿ ನೋಡಿದರೆ ಒಳಗೆ ಬಾಗಿದ ಗೆರೆಗಳು, ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ. ಕಾರ್ಖಾನೆಯಲ್ಲಿ ಕರಗಿಸಿ ಬೆಳೆಸಿದ್ದು. ಭೂಮಿಯೊಳಗೆ ಹುಟ್ಟಿದ ಸಫೈರಿನ ಗೆರೆ ನೇರ ಇರುತ್ತದೆ, ಮೂಲೆಯಲ್ಲಿ ಕೋನವಾಗಿ ತಿರುಗುತ್ತದೆ. ಕಾರ್ಖಾನೆಯದು ಎಂದು ಹೇಳಿಯೇ ಮಾರಿದರೆ ನನಗೆ ತಕರಾರಿಲ್ಲ, ಗಡಸು ಅದಕ್ಕೂ ಒಂಬತ್ತೇ. ಆ ಬೆಲೆಗೆ ಮಾರಿದ್ದು ತಕರಾರು. ದಲ್ಲಾಳಿ ಫೋನ್ ಎತ್ತಲಿಲ್ಲ.

ಹಾಗಾಗಿ ಜೈಪುರಕ್ಕೇ ಹೋದೆ. ಜೋಹರಿ ಬಜಾರಿನಲ್ಲಿ ಮೂರು ದಿನ. ಬಣ್ಣ ಹೋಲಿಸಲು ಒದ್ದೆ ಬಟ್ಟೆಯಲ್ಲಿ ನಾಲ್ಕು ವೀಳ್ಯದೆಲೆ ಸುತ್ತಿಕೊಂಡು ಹೋಗಿದ್ದೆ. ಎರಡನೇ ದಿನಕ್ಕೆ ಎಲೆ ಹಳದಿ. ಪುಣ್ಯಕ್ಕೆ ಹೊರಡುವ ಮೊದಲು ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಎಲೆ ಇಟ್ಟು, ಹೊಂದುವ ಎರಡು ಚೌಕ ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಅದೇ ಕೆಲಸಕ್ಕೆ ಬಂತು.

ಅಲ್ಲಿ ಒಂದು ವಿಷಯ ಕಲಿತೆ. ಜೈಪುರದ ಬಿಸಿಲಿನಲ್ಲಿ ಎಲ್ಲ ಕಲ್ಲೂ ಚೆಂದ. ಹಸಿರು ಸಫೈರಿನ ಬಣ್ಣ ಕಬ್ಬಿಣದಿಂದ ಬಂದದ್ದು. ಕಬ್ಬಿಣ ಜಾಸ್ತಿ ಆದರೆ ಬೆಳಕು ಕಡಿಮೆ ಆದ ಕೂಡಲೇ ಕಲ್ಲು ಕಪ್ಪಾಗುತ್ತದೆ. ನಮ್ಮ ಆಷಾಢದ ಮಧ್ಯಾಹ್ನ, ಮೋಡ ಮುಚ್ಚಿ ಮನೆಯೊಳಗೆ ದೀಪ ಹಾಕುವ ಹೊತ್ತಿನಲ್ಲಿ ಅದು ಬರೀ ಇದ್ದಿಲು. ಅದಕ್ಕೆ ನಾನು ಪ್ರತಿ ಕಲ್ಲನ್ನೂ ಮೇಜಿನ ಕೆಳಗೆ ಹಿಡಿದು ನೋಡುತ್ತಿದ್ದೆ. ವ್ಯಾಪಾರಿ ನಕ್ಕ. "ನಮ್ಮೂರಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಹೀಗೇ ಇರುತ್ತೆ" ಎಂದೆ. ಮೇಜಿನ ಕೆಳಗೂ ಹಸಿರಾಗಿ ಉಳಿದದ್ದು ಅರುವತ್ತರಲ್ಲಿ ಏಳೋ ಎಂಟೋ. ಎರಡು ಕ್ಯಾರೆಟ್ ದಾಟಿದ್ದೆಲ್ಲ ಕಪ್ಪಾದವು. ಒಂದರಿಂದ ಒಂದೂವರೆ ಒಳಗಿನವೇ ಪಾಸು. ತಳ ತೀರ ತೆಳು ಇದ್ದವನ್ನೂ ಬಿಟ್ಟೆ, ಪೇಪರಿನ ಮೇಲಿಟ್ಟರೆ ಅಕ್ಷರ ಕಾಣುವ ಕಲ್ಲು ಯಾರಿಗೆ ಬೇಕು?

ಇನ್ನೊಂದು, ಈ ಕಲ್ಲಿಗೆ ಎರಡು ಮುಖ ಉಂಟು. ಒಂದು ಕಡೆಯಿಂದ ನೀಲಿ ಕಲೆತ ಹಸಿರು, ತಿರುಗಿಸಿದರೆ ಹಳದಿ ಕಲೆತ ಹಸಿರು. ಕತ್ತರಿಸಿದವನು ಯಾವುದನ್ನು ಮೇಲೆ ಇಟ್ಟಿದ್ದಾನೆ ಎನ್ನುವುದರಲ್ಲೇ ಎಲ್ಲ ಇದೆ.

ಕೊನೆಗೆ ಐದು ಕಲ್ಲು ತಂದೆ. ಉಂಗುರಕ್ಕೆ ಆರಿಸಿದ್ದು 1.34 ಕ್ಯಾರೆಟ್, ಆಸ್ಟ್ರೇಲಿಯಾದ್ದು ಎಂದು ಕೊಟ್ಟರು, ಕ್ಯಾರೆಟ್ಟಿಗೆ 21 ಸಾವಿರವೋ ಏನೋ. ಲ್ಯಾಬ್ ಸರ್ಟಿಫಿಕೇಟ್ ಬರುವ ಮೊದಲು ಮನೆಯಲ್ಲೇ ತೂಗಿದೆ. ಕ್ಯಾರೆಟ್ ತಕ್ಕಡಿಯ ಮೇಲೆ ಲೋಟ, ತೆಳು ತಂತಿಯ ತೊಟ್ಟಿಲು. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಇಲ್ಲದಿದ್ದರೆ ಗುಳ್ಳೆ ಅಂಟಿ ಲೆಕ್ಕ ಕೆಡುತ್ತದೆ. ಗಾಳಿಯಲ್ಲಿ 1.34, ನೀರಿನಲ್ಲಿ 1ರ ಹತ್ತಿರ. ಗಾಳಿಯ ತೂಕವನ್ನು ಈ ಎರಡರ ವ್ಯತ್ಯಾಸದಿಂದ ಭಾಗಿಸಿದರೆ 4ರ ಆಸುಪಾಸು. ಪಚ್ಚೆಗೆ 2.7 ಬರುತ್ತದೆ, ತ್ಸಾವೊರೈಟಿಗೆ 3.6. ಆ ಎರಡೂ ಅಲ್ಲ ಎನ್ನಲು ಇಷ್ಟು ಸಾಕು. ಕಾರ್ಖಾನೆಯದೋ ಅಲ್ಲವೋ ಎಂಬುದನ್ನು ಈ ತಕ್ಕಡಿ ಹೇಳುವುದಿಲ್ಲ, ಅದಕ್ಕೆ ಲೂಪೇ ಬೇಕು.

ಎಲ್ಲ ಸರಿ ಹೋಯಿತು ಎನ್ನುವಾಗ ಹುಡುಗನ ಆಯಿ ಬಂದರು. "ನೀಲ ಅಂದ್ರೆ ಶನಿ ಕಲ್ಲು. ನಿಶ್ಚಿತಾರ್ಥಕ್ಕೆ ಶನಿಯನ್ನ ಬೆರಳಿಗೆ ಹಾಕ್ತ್ರಾ? ಹಸಿರಾದ್ರೆ ಬುಧ, ಪಚ್ಚೆ ಇಡಿ." ನಾನು, "ಅಮ್ಮಾ, ಮಾಣಿಕ್ಯ, ನೀಲ, ನಮ್ಮ ಸಾಣೆಯ ಕುರುಂದ, ಎಲ್ಲ ಒಂದೇ ಕುಲ. ಕೆಂಪಾದರೆ ಸೂರ್ಯ, ನೀಲಿಯಾದರೆ ಶನಿ. ಹಸಿರಾದರೆ ಯಾರು ಎಂದು ಯಾವ ಶಾಸ್ತ್ರದಲ್ಲಿದೆ?" ಎಂದೆ. ಅವರು ಬಗ್ಗಲಿಲ್ಲ. ಅವರ ಮನೆಯ ಭಟ್ಟರನ್ನೇ ಕೇಳಿ ಎಂದೆ. ಭಟ್ಟರು ದೊಡ್ಡವರು, ದಾರಿ ತೋರಿಸಿದರು: ಕಲ್ಲು ಚರ್ಮಕ್ಕೆ ತಾಗಿದರೆ ಧಾರಣೆ, ತಾಗದಿದ್ದರೆ ಅಲಂಕಾರ. ಹಾಗಾಗಿ ತಳ ತೆರೆದೇ ಇಟ್ಟೆ, ಬೆಳಕು ಬೇಕಲ್ಲ, ಆದರೆ ಕಲ್ಲಿನ ತುದಿ ಬೆರಳಿಗೆ ಮುಟ್ಟದಂತೆ ಅರ್ಧ ಮಿಲಿಮೀಟರ್ ಎತ್ತಿದೆ. ಉಂಗುರ ತಗ್ಗು ಇರಬೇಕು ಎಂದು ನಾನು ಹೋರಾಡುತ್ತಿದ್ದಾಗ ಶಾಸ್ತ್ರಕ್ಕಾಗಿ ಎತ್ತಬೇಕಾಯಿತು!

ಚಿನ್ನದ ಜಗಳ ಇನ್ನೊಂದು. ಅವರಿಗೆ 916 ಬೇಕು. 22 ಕ್ಯಾರೆಟ್ ಮೆತ್ತಗೆ, ಮಣ್ಣಿನ ಕೆಲಸಕ್ಕೆ ಆಗದು ಎಂದು ಎರಡು ದಿನ ಹೇಳಿ 18ಕ್ಕೆ ಒಪ್ಪಿಸಿದೆ. ಹಳದಿ ಚಿನ್ನವೇ. ಬಿಳಿ ಚಿನ್ನದಲ್ಲಿ ಇಟ್ಟು ನೋಡಿದರೆ ಕಲ್ಲು ನೀಲಿಗೆ ಜಾರಿತು. ಕಲ್ಲು ಹಿಡಿಯುವ ಕೊಕ್ಕೆ, ಅಂದರೆ ಪ್ರಾಂಗ್, ಬೇಡವೇ ಬೇಡ, ಬಳ್ಳಿ ಸಿಕ್ಕಿಕೊಳ್ಳುತ್ತದೆ. ಕಲ್ಲಿನ ಸುತ್ತ ಪೂರ್ತಿ ಚಿನ್ನದ ಗೋಡೆ, ಅಂದರೆ ಬೆಜಲ್, ದಪ್ಪ 0.6 ಮಿಲಿಮೀಟರ್, ಎಲ್ಲ ಬೆಸುಗೆ ಮುಗಿದ ಮೇಲೆಯೇ ಕಲ್ಲು. ಸಫೈರ್ ಆದ್ದರಿಂದ ಅಂಚು ಮಡಿಸುವಾಗ ಎದೆ ಬಡಿಯಲಿಲ್ಲ. ಒಂದು ಎಚ್ಚರ ಮಾತ್ರ: ಚಿನ್ನ ಉಜ್ಜುವ ಕಪ್ಪು ವಾಟರ್ ಪೇಪರ್ ಇದಕ್ಕಿಂತಲೂ ಗಡಸು. ಐದರಲ್ಲಿ ಒಂದು ಕಲ್ಲಿಗೆ ಅದರ ಗೀರು ಬಿದ್ದು ಮತ್ತೆ ಪಾಲಿಶಿಗೆ ಜೈಪುರಕ್ಕೆ ಕಳಿಸಬೇಕಾಯಿತು.

ಬೆಜಲ್ ಒಳಗೋಡೆಗೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದರಿಂದ ಕಲ್ಲು ಅರ್ಧ ಪಟ್ಟು ತಿಳಿಯಾಗಿ ಕಾಣುತ್ತದೆ. ಅದು ಏನು ಎಂದು ಬರೆಯುವುದಿಲ್ಲ. ನನಗೂ ಹೊಟ್ಟೆಪಾಡು ಇದೆ, ಅಲ್ವಾ?

ಒಟ್ಟು 66 ಸಾವಿರದ ಹತ್ತಿರ ಬಿಲ್ಲು ಆಯಿತು. ಆಗ ಚಿನ್ನ ಈಗಿನಷ್ಟು ಇರಲಿಲ್ಲ, 22 ಕ್ಯಾರೆಟ್ ಗ್ರಾಂಗೆ ನಾಲ್ಕೂಮುಕ್ಕಾಲು ಸಾವಿರದ ಆಸುಪಾಸು. ಜೈಪುರದ ಖರ್ಚು 14 ಸಾವಿರ ನನ್ನ ಮೇಲೇ ಬಿತ್ತು. ಉಳಿದ ನಾಲ್ಕು ಕಲ್ಲು ಮಾರಿದಾಗ ಅದು ಬಂತು. ಇಲ್ಲಿಯವರೆಗೆ ಹನ್ನೊಂದು ಉಂಗುರ ಮಾಡಿದ್ದೇನೆ. "ನಡೆಯೋದಲ್ಲ" ಎಂದವರಲ್ಲಿ ಒಬ್ಬರು ಹೋದ ದೀಪಾವಳಿಗೆ ತಮ್ಮ ಹುಡುಗನನ್ನು ಕಳಿಸಿ, "ಹಸಿರು ಸಫೈರಿನ ಪುಡಿಕೆ ಇದ್ದರೆ ನೋಡಲು ಕೊಡಬೇಕಂತೆ" ಎಂದು ಕೇಳಿಸಿದರು. ಕೊಟ್ಟೆ.

ಹೋದ ವಾರ ಉಂಗುರ ತಂದವರು ಆ ಆಯಿಯೇ. ಸೊಸೆಗೆ ಸಸಿ ಮಾರುವ ಸೀಸನ್, ಘಟ್ಟ ಇಳಿಯಲು ಪುರುಸೊತ್ತಿಲ್ಲ. ನಾನು ತೊಳೆಯುವಾಗ ಅವರ ಕಣ್ಣು ಗಾಜಿನ ಪೆಟ್ಟಿಗೆಯ ಒಳಗಿದ್ದ ಪಚ್ಚೆ ಪದಕದ ಮೇಲೆ ಬಿತ್ತು. ಅದೇ 42 ಸಾವಿರದ ಕಲ್ಲು. ಜೈಪುರದಲ್ಲಿ ಮತ್ತೆ ಎಣ್ಣೆ ಹಾಕಿಸಿ, ಕುತ್ತಿಗೆಗಾದರೆ ಪೆಟ್ಟು ಬೀಳುವುದಿಲ್ಲ ಎಂದು ಪದಕ ಮಾಡಿ ಇಟ್ಟಿದ್ದೆ. ಬಿರುಕು ಇದೆ, ಎಣ್ಣೆ ಹಾಕಿದ್ದು, ಬಿಸಿನೀರಿಗೆ ಇಳಿಸಬಾರದು ಎಂದು ಎಲ್ಲ ಹೇಳಿದೆ. "ಅಡ್ಡಿಲ್ಲೆ, ಬುಧ ಬುಧನೇ" ಎಂದರು. ನಾನು 38 ಹೇಳಿದೆ. ಅವರು 30ರಲ್ಲಿ ನಿಂತಿದ್ದಾರೆ. ಶನಿವಾರ ಮತ್ತೆ ಬರುತ್ತಾರಂತೆ.