ದನದ ಕಣ್ಣಿಗೆ ಹೂವು ಬಿದ್ದಾಗ: ಔಷಧಕ್ಕೆ ಮೊದಲು ಪರೀಕ್ಷೆ

ಮಲೆನಾಡಿನ ಕೊಟ್ಟಿಗೆಗಳಲ್ಲಿ ದನದ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ 'ಹೂವು ಬಿದ್ದಿದೆ' ಎನ್ನುವುದು ರೂಢಿ. ಮಾತು ಒಂದೇ ಆದರೂ ಕಾರಣಗಳು ಹಲವು: ಕಣದಲ್ಲಿ ಹಾರಿದ ಜೊಳ್ಳು, ಬೇಣದಲ್ಲಿ ಮೇಯುವಾಗ ಚುಚ್ಚಿದ ಮುಳ್ಳು, ನೊಣಗಳು ಹರಡುವ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ, ರೆಪ್ಪೆಯೊಳಗೆ ಹರಿದಾಡುವ ದಾರದಂಥ ಕಣ್ಣುಹುಳು, ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ.

ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಮೇಲ್ಮೈ ಗೀಚಿದರೆ ಅಕ್ಕಪಕ್ಕದ ಕೋಶಗಳು ಚಪ್ಪಟೆಯಾಗಿ ಜಾರಿಬಂದು ಕೆಲವೇ ದಿನಗಳಲ್ಲಿ ಗಾಯವನ್ನು ಮುಚ್ಚುತ್ತವೆ. ಬಿಳಿಗುಡ್ಡೆಯೂ ಕರಿಗುಡ್ಡೆಯೂ ಕೂಡುವ ಅಂಚಿನಲ್ಲಿರುವ ಕಾಂಡಕೋಶಗಳು ಹೊಸ ಕೋಶಗಳನ್ನು ಒದಗಿಸುತ್ತಲೇ ಇರುತ್ತವೆ. ಒಳಮೈಯಲ್ಲಿ ಒಂದೇ ಸಾಲಿನ ಕೋಶಗಳಿದ್ದು, ಕಾರ್ನಿಯಾದೊಳಗೆ ಸೇರುವ ನೀರನ್ನು ಹೊರಗೆ ತಳ್ಳುವುದು ಅವುಗಳ ಕೆಲಸ. ಅವು ಸೋತರೆ ಕಾರ್ನಿಯಾ ಊದಿ ನೀಲಿಬಿಳುಪಾಗುತ್ತದೆ. ಆದ್ದರಿಂದ ಬಿಳುಪೆಲ್ಲ ಗಾಯವಲ್ಲ.

ಪರೀಕ್ಷೆಗೆ ದನವನ್ನು ಕೊಟ್ಟಿಗೆಯ ಮಬ್ಬು ಬೆಳಕಿನಲ್ಲಿ ಕಟ್ಟಿ, ಒಬ್ಬರು ತಲೆಯನ್ನು ಭದ್ರವಾಗಿ ಹಿಡಿದುಕೊಳ್ಳಬೇಕು. ಮೊದಲು ಒಳ್ಳೆಯ ಕಣ್ಣನ್ನು ನೋಡಿ, ಬಳಿಕ ನೋವಿನ ಕಣ್ಣಿಗೆ ಬನ್ನಿ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಹಿಡಿದರೆ ಗುಡ್ಡೆಯ ಮೇಲೆ ಬೆಳಕಿನ ಬಿಂಬ ಕಾಣುತ್ತದೆ. ಬಿಂಬದ ಅಂಚು ಚೂಪಾಗಿದ್ದರೆ ಮೇಲ್ಮೈ ನುಣುಪಾಗಿದೆ. ಒಡೆದ ಕನ್ನಡಿಯಲ್ಲಿ ಕಂಡಂತೆ ಚದುರಿದ್ದರೆ ಅಲ್ಲಿ ಗಾಯವಿರುವ ಸಂಭವ ಹೆಚ್ಚು. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಕಸವೋ ಹುಳುವೋ ಇದೆಯೇ ನೋಡಬಹುದು. ಗುಡ್ಡೆಗೇ ನಾಟಿಕೊಂಡ ಮುಳ್ಳನ್ನು ಮಾತ್ರ ಕೀಳಬೇಡಿ, ಅದು ವೈದ್ಯರ ಕೆಲಸ.

ತೊಳೆಯಲು ಔಷಧಿ ಅಂಗಡಿಯ ನಾರ್ಮಲ್ ಸಲೈನ್ ಸಾಕು. ಸುಣ್ಣ ಬಿದ್ದಾಗ ಮಾತ್ರ ಅದಕ್ಕಾಗಿ ಕಾಯಕೂಡದು. ಸುಣ್ಣವು ಕೋಶಪೊರೆಯ ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಆಳಕ್ಕಿಳಿಯುವುದರಿಂದ, ಕೈಗೆ ಸಿಕ್ಕ ಶುದ್ಧ ನೀರನ್ನೇ ಅರ್ಧ ಗಂಟೆ ಬಿಡದೆ ಹರಿಸಬೇಕು. ಉಪ್ಪಿನ ಹರಳು ಹಾಕುವುದು, ಹೊಗೆಸೊಪ್ಪಿನ ರಸ ಉಗುಳುವುದು ನಮ್ಮ ಕಡೆ ಇನ್ನೂ ಪೂರ್ತಿ ನಿಂತಿಲ್ಲ. ಗಾಯ ಮುಚ್ಚಲು ಜಾರಿಬರುವ ಕೋಶಗಳನ್ನೇ ಅದು ಸುಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮನೆಯ ಕಪಾಟಿನಲ್ಲಿರುತ್ತದೆ. ಅಜ್ಜಿಯ ಪೊರೆ ಆಪರೇಷನ್ ಆದ ಮೇಲೆ ಉಳಿದ ಡ್ರಾಪ್ಸನ್ನು ನಮ್ಮ ಮನೆಯಲ್ಲೇ ಒಮ್ಮೆ ಗಿಡ್ಡ ಹಸುವಿನ ಕಣ್ಣಿಗೆ ಬಿಟ್ಟಿದ್ದೆವು. ಅಂಥ ಬಾಟಲಿಗಳಲ್ಲಿ ಹೆಚ್ಚಾಗಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿದದ್ದನ್ನು ಕಂಡು ಎರಡು ದಿನ ಸಮಾಧಾನದಲ್ಲಿದ್ದೆವು, ಮೂರನೆಯ ದಿನ ಗುಡ್ಡೆಯ ನಡುವೆ ಕುಳಿ ಕಾಣಿಸಿತು. ಹುಣ್ಣಿರುವ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ವಾಸಿಯಾಗುವುದು ನಿಧಾನವಾಗುವುದಷ್ಟೇ ಅಲ್ಲ, ಸೋಂಕು ಬಲಿತು ಕಾರ್ನಿಯಾ ಕರಗಲೂಬಹುದು.

ಆದ್ದರಿಂದ ಪಶುವೈದ್ಯರಲ್ಲಿ ಕೇಳಬೇಕಾದದ್ದು ಫ್ಲೋರೆಸೀನ್ ಪರೀಕ್ಷೆ. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯ ತುದಿಯನ್ನು ಸಲೈನ್‌ನಲ್ಲಿ ನೆನೆಸಿ ಕಣ್ಣಿಗೆ ತಾಗಿಸಿ, ಹೆಚ್ಚಾದ ಬಣ್ಣವನ್ನು ತೊಳೆದು, ನೀಲಿ ಬೆಳಕು ಬಿಡುತ್ತಾರೆ. ಬಣ್ಣ ನೀರಿನಲ್ಲಿ ಕರಗುವಂಥದ್ದು. ಜಿಡ್ಡಿನ ಪೊರೆಯುಳ್ಳ ಮೇಲ್ಮೈ ಕೋಶಗಳು ಅದನ್ನು ಒಳಗೆ ಬಿಡುವುದಿಲ್ಲ. ಅವು ಕಿತ್ತುಹೋದ ಜಾಗ ಮಾತ್ರ ಎಳೆಗರಿಕೆಯ ಹಸಿರಾಗಿ ಹೊಳೆಯುತ್ತದೆ. ಹುಣ್ಣು ಬಹಳ ಆಳಕ್ಕಿಳಿದು ಕೊನೆಯ ತೆಳುಪೊರೆಯಷ್ಟೇ ಉಳಿದಿದ್ದರೆ ಅಂಚು ಹಸಿರಾಗಿ ನಡುಭಾಗ ಬಣ್ಣ ಹಿಡಿಯದೆ ಕಪ್ಪಾಗಿ ಕಾಣುತ್ತದೆ. ಆಗ ಒಂದು ಗಂಟೆಯೂ ತಡಮಾಡುವಂತಿಲ್ಲ.

ಕಾರ್ನಿಯಾದ ನೀರನ್ನು ಹೊರಗೆ ತಳ್ಳುವ ಒಳಸಾಲಿನ ಕೋಶಗಳ ಕಥೆಯೇ ಬೇರೆ. ಮೊಲದಲ್ಲಿ ಅವು ಮತ್ತೆ ಬೆಳೆಯುತ್ತವೆ, ವಯಸ್ಕ ಮನುಷ್ಯರಲ್ಲಿ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ; ಹಾಗಾಗಿ ಮೊಲದ ಮೇಲಿನ ಪ್ರಯೋಗದ ಫಲವನ್ನು ನೇರವಾಗಿ ನಮಗೆ ಅನ್ವಯಿಸಲಾಗದು. ಜಪಾನಿನ ಕ್ಯೋಟೋದ ಶಿಗೆರು ಕಿನೊಶಿಟಾ ಅವರ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಇಂಥ ಕೋಶಗಳನ್ನು 11 ರೋಗಿಗಳ ಕಣ್ಣಿಗೆ ಚುಚ್ಚಿ, 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಕೊಟ್ಟಿಗೆಗೆ ಅದು ಇನ್ನೂ ದೂರದ ಮಾತು.

ಚಿಕಿತ್ಸೆ ಶುರುವಾದ ಮೇಲೆ ದನವನ್ನು ನೆರಳಿನಲ್ಲಿ, ನೊಣ ಕಡಿಮೆಯಿರುವಲ್ಲಿ, ಉಳಿದವುಗಳಿಂದ ಬೇರೆಯಾಗಿ ಕಟ್ಟಬೇಕು. ಆಳದ ಹುಣ್ಣಾಗಿದ್ದರೆ ಕೆಲವು ದಿನಗಳ ಬಳಿಕ ಅಂಚಿನಿಂದ ಕೆಂಪು ನಾಳಗಳು ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಒಳಗೆ ಬರುತ್ತವೆ. ನೋಡಿದವರಿಗೆ ರೋಗ ಹೆಚ್ಚಾದಂತೆ ಕಾಣುತ್ತದೆ, ಆದರೆ ಅದು ರಿಪೇರಿಯ ಸಾಮಾನು ಹೊತ್ತು ಬರುವ ದಾರಿ. ಹುಣ್ಣು ತುಂಬಿದ ಮೇಲೆ ನಾಳಗಳು ಬತ್ತುತ್ತವೆ. ನಮ್ಮ ಗಿಡ್ಡದ ಕಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುರುತು ಉಳಿದಿದೆ. ಆ ಕಡೆಯಿಂದ ಕೈ ಚಾಚಿದರೆ ಈಗ ರೆಪ್ಪೆ ಮುಚ್ಚುತ್ತದೆ.