ನಿಂತಾಗ ಮಲಗುವುದನ್ನು ಕಲಿತ ಆರು ತಿಂಗಳು

2016ರ ಆಗಸ್ಟಿನಲ್ಲಿ ನಾನು ಮೊದಲ ಸಲ ಹತ್ತು ಚಕ್ರದ ಲಾರಿಯಲ್ಲಿ ಹಿರಿಯೂರಿನಿಂದ ನವಿ ಮುಂಬೈನ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ತೆಂಗಿನಕಾಯಿ ಲೋಡು ತೆಗೆದುಕೊಂಡು ಹೊರಟೆ. ಅದಕ್ಕೆ ಮೊದಲು ನಾಲ್ಕು ವರ್ಷ ನಮ್ಮ ತಾಲ್ಲೂಕಿನೊಳಗೇ ಟ್ರ್ಯಾಕ್ಟರು ಮತ್ತು ಗೂಡ್ಸ್ ಟೆಂಪೊ ಓಡಿಸಿಕೊಂಡಿದ್ದ ನನಗೆ, ಹೆವಿ ಲೈಸೆನ್ಸು ಕೈಗೆ ಬಂದ ದಿನ, ಇನ್ನು ಉದ್ದ ಗಾಡಿಯನ್ನು ತಿರುವಿನಲ್ಲಿ ಎಳೆಯುವುದೊಂದು ಬಂದರೆ ಸಾಕು ಎಂಬ ಭಾವನೆಯಿತ್ತು. ಅದು ಮೂರು ವಾರದಲ್ಲಿ ಬಂತು. ನನ್ನನ್ನು ಕೆಲಸ ಬಿಟ್ಟು ಊರಿಗೆ ಓಡಿಹೋಗುವ ಹಂತಕ್ಕೆ ತಂದದ್ದು ಗಾಡಿ ಓಡದೆ ನಿಂತಿದ್ದ ಹೊತ್ತು.

ಹಿರಿಯೂರಿನಿಂದ ವಾಶಿಗೆ ಸುಮಾರು 800 ಕಿಲೋಮೀಟರು. ಲೋಡು ಗಾಡಿ ಗಂಟೆಗೆ ಸರಾಸರಿ 35ರಿಂದ 40 ಕಿಲೋಮೀಟರು ಹೋದರೆ, ಊಟ, ಟೋಲು, ಗಡಿಯ ಚೆಕ್‌ಪೋಸ್ಟು ಎಲ್ಲ ಸೇರಿ ಒಂದೂಕಾಲು ದಿನದ ದಾರಿ. ಮೊದಲ ಟ್ರಿಪ್ಪಿನಲ್ಲಿ ಸೋಮವಾರ ಸಂಜೆ ಹೊರಟ ನಾವು ಬುಧವಾರ ಬೆಳಗಿನ ಜಾವ ಮಾರುಕಟ್ಟೆಯ ಸಾಲಿನಲ್ಲಿ ನಿಂತೆವು. ಕಾಯಿ ಇಳಿದದ್ದು ಗುರುವಾರ ಸಂಜೆಗೆ. ಆ ಮೂವತ್ತೆಂಟು ಗಂಟೆಗಳಲ್ಲಿ ನಾನು ಮೂರು ಗಂಟೆಯೂ ಮಲಗಲಿಲ್ಲ. ನಮ್ಮ ನಂಬರು ಯಾವಾಗ ಕೂಗುತ್ತಾರೋ ಎಂದು ಗೇಟಿಗೂ ಗಾಡಿಗೂ ಓಡಾಡಿದೆ, ಹಮಾಲರ ಮೇಸ್ತ್ರಿಯ ಹಿಂದೆ ತಿರುಗಿದೆ, ಗೊತ್ತಿದ್ದ ಅರ್ಧ ಹಿಂದಿಯಲ್ಲಿ ಅವರಿವರೊಂದಿಗೆ ಹರಟಿದೆ. ನನ್ನ ಜೊತೆಯಲ್ಲಿದ್ದ ಹಿರಿಯ ಡ್ರೈವರು, ಶಿರಾ ಕಡೆಯವರು, ಐವತ್ತು ದಾಟಿದವರು, ಲಾರಿಯ ನೆರಳಿನಲ್ಲಿ ತಾಡಪಾಲು ಹಾಸಿ ನಿದ್ದೆ ಹೋಗಿದ್ದರು. ಅವರನ್ನು ನೋಡಿ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು: ಇಷ್ಟು ಬೇಜವಾಬ್ದಾರಿಯೇ ಎಂದು.

ಅದೇ ಗುರುವಾರ ರಾತ್ರಿ ವಾಶಿಗೆ ಹತ್ತಿರದ ಕಳಂಬೋಲಿಯಲ್ಲಿ ಉಕ್ಕಿನ ಕಾಯಿಲ್, ಅಂದರೆ ತಗಡಿನ ಭಾರಿ ಸುರುಳಿ, ತುಂಬಿಕೊಂಡು ಬೆಂಗಳೂರಿನ ಕಡೆಗೆ ತಿರುಗಿದೆವು. ಬೆಳಗಿನ ಜಾವ ಕರಾಡದ ಹತ್ತಿರ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಕಣ್ಣು ತೆರೆದೇ ಇತ್ತೆಂದು ಇವತ್ತಿಗೂ ನನ್ನ ನಂಬಿಕೆ; ಆದರೆ ಅದಕ್ಕೆ ಹಿಂದಿನ ಮೂರು ನಾಲ್ಕು ಕಿಲೋಮೀಟರಿನ ನೆನಪು ಒಂದಿಷ್ಟೂ ಇಲ್ಲ. ಬಲಗಡೆಯ ಚಕ್ರ ಡಿವೈಡರಿನ ಅಂಚಿಗೆ ಉಜ್ಜಿದ ಸದ್ದಿಗೆ ಹಿಂದಿನ ಬರ್ತಿನಲ್ಲಿ ಮಲಗಿದ್ದ ಹಿರಿಯರು ಎದ್ದು ಕುಳಿತು, ಬೈಯದೆ, ಮೊದಲು ಗೇರು ಇಳಿಸು ಎಂದರು. ಬೆನ್ನ ಹಿಂದೆ ಉಕ್ಕಿನ ಕಾಯಿಲ್ ಇರುವಾಗ ಒಮ್ಮೆಲೇ ಬ್ರೇಕು ತುಳಿಯಬಾರದು. ಮರದ ಬೆಣೆ ಜಾರಿ ಚೈನು ಹರಿದರೆ ಅದು ನೇರವಾಗಿ ಕ್ಯಾಬಿನ್ನಿನೊಳಕ್ಕೇ ಬರುತ್ತದೆ. ಗಾಡಿ ಬದಿಗೆ ನಿಂತ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: ‘ವಾಶಿಯಲ್ಲಿ ಎಷ್ಟು ಹೊತ್ತು ಮಲಗಿದ್ದೆ?’

ನನ್ನ ಲೆಕ್ಕವೇ ತಪ್ಪಾಗಿತ್ತೆಂಬುದು ಅಲ್ಲಿ ತಿಳಿಯಿತು. ಹೊಲದಲ್ಲಿ ದುಡಿದವನಿಗೆ ಹಗಲು ಕೆಲಸಕ್ಕೆ, ರಾತ್ರಿ ನಿದ್ದೆಗೆ. ಲಾರಿಯವನಿಗೆ ಈ ಭಾಗ ಇಲ್ಲ. ಹಗಲು ಊರುಗಳ ಸಂಚಾರ ಮತ್ತು ನಗರಗಳ ಪ್ರವೇಶ ನಿಷೇಧದ ಕಾರಣ ಗಾಡಿ ಓಡುವುದು ಹೆಚ್ಚಾಗಿ ರಾತ್ರಿ. ಹಗಲೆಲ್ಲ ಅದು ಯಾವುದೋ ಗೋಡೌನಿನ ಮುಂದೆ, ಲಾರಿ ತೂಗುವ ವೇ ಬ್ರಿಜ್ಜಿನ ಸಾಲಿನಲ್ಲಿ, ಬಿಲ್ಲು ಕೊಡದ ಗುಮಾಸ್ತನ ಬಾಗಿಲಲ್ಲಿ ನಿಂತಿರುತ್ತದೆ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ದೂರದ ದಾರಿಯಲ್ಲಿ ಅನುಮತಿಯಿದ್ದರೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿರಲಿಲ್ಲ. ನನ್ನ ಮಾಲೀಕರಿಗಾಗಲಿ ನನಗಾಗಲಿ ಆ ಕಾಯ್ದೆಯ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಕಾಯುವ ಹೊತ್ತನ್ನು ದುಡಿಮೆಯೆಂದು ಎಣಿಸುತ್ತಿರಲಿಲ್ಲ, ಏಕೆಂದರೆ ನಮ್ಮ ಬಾಟಾ (ಭತ್ಯೆ) ಟ್ರಿಪ್ಪಿನ ಲೆಕ್ಕಕ್ಕೆ ಬರುತ್ತಿತ್ತೇ ಹೊರತು ದಿನದ ಲೆಕ್ಕಕ್ಕಲ್ಲ.

ಆ ಟ್ರಿಪ್ಪು ಮುಗಿದ ಮೇಲೆ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕು ಕೊಂಡು, ಬಲಪುಟದಲ್ಲಿ ಗಾಡಿ ಓಡಿಸಿದ ಗಂಟೆ, ಎಡಪುಟದಲ್ಲಿ ಮಲಗಿದ ಗಂಟೆ ಬರೆಯಲು ಶುರುಮಾಡಿದೆ. ಮೊದಲ ತಿಂಗಳ ಎಡಪುಟ ನೋಡಿದರೆ ಈಗಲೂ ಭಯವಾಗುತ್ತದೆ: ಎರಡು, ಒಂದೂವರೆ, ನಾಲ್ಕು, ಸೊನ್ನೆ. ಒಟ್ಟಿಗೆ ಏಳು ಗಂಟೆ ಮಲಗುವ ಆಸೆಯನ್ನು ಬಿಟ್ಟು, ಗಾಡಿ ಎಲ್ಲಿ ನಿಂತರೂ ಮೊದಲ ಹತ್ತು ನಿಮಿಷದೊಳಗೆ ಮಲಗಬೇಕು ಎಂಬ ಕಟ್ಟಳೆ ಹಾಕಿಕೊಂಡೆ. ಹೇಳುವಷ್ಟು ಸುಲಭವಾಗಿರಲಿಲ್ಲ. ಮಧ್ಯಾಹ್ನ ಕ್ಯಾಬಿನ್ನಿನ ಎಂಜಿನ್ ಕಾವಿನಲ್ಲಿ ಮೈ ಬೇಯುತ್ತದೆ, ಹೊರಗೆ ಮಲಗಿದರೆ ನೊಣ, ಮೇಲಾಗಿ ಯಾರಾದರೂ ಡೀಸೆಲ್ ಕದಿಯುತ್ತಾರೆಂಬ ದಿಗಿಲು. ಹಿರಿಯರನ್ನು ನೋಡಿಯೇ ಉಪಾಯ ಕಲಿತೆ: ಟ್ಯಾಂಕು ಇರುವ ಬದಿಯಲ್ಲೇ, ಅದರ ಕೆಳಗೆ ತಲೆ ಬರುವಂತೆ ಹಾಸಿಕೊಂಡು, ಒದ್ದೆ ಟವೆಲನ್ನು ಕಣ್ಣಿನ ಮೇಲೆ ಹಾಕಿಕೊಳ್ಳುವುದು, ನಮ್ಮ ನಂಬರು ಬಂದಾಗ ಎಬ್ಬಿಸಲು ಹಿಂದಿನ ಗಾಡಿಯವನಿಗೆ ಒಂದು ಚಹಾ ಕೊಡಿಸಿರುವುದು. ಹಿಂದಿನ ಗಾಡಿಯವನು ತಪ್ಪದೆ ಎಬ್ಬಿಸುತ್ತಾನೆ, ನಾವು ಕದಲದಿದ್ದರೆ ಅವನ ಗಾಡಿಯೂ ಕದಲುವುದಿಲ್ಲವಲ್ಲ.

ಎರಡನೆಯ ಕಟ್ಟಳೆ, ರಾತ್ರಿ ಎರಡೂವರೆಯಿಂದ ಐದರವರೆಗೆ ಸ್ಟೀರಿಂಗ್ ಮುಟ್ಟಬಾರದು ಎಂಬುದು. ಇದಕ್ಕೆ ಮಾಲೀಕರ ಒಪ್ಪಿಗೆ ಸಿಗಲಿಲ್ಲ. ಗಾಡಿಯ ಜಿಪಿಎಸ್‌ನಲ್ಲಿ ನಿಂತ ಚುಕ್ಕೆ ಕಂಡರೆ ಮೂರು ಗಂಟೆಗೂ ಫೋನು ಬರುತ್ತಿತ್ತು. ಎರಡು ತಿಂಗಳು ಬೈಸಿಕೊಂಡೆ, ಒಂದು ಟ್ರಿಪ್ಪಿನ ಬಾಟಾದಲ್ಲಿ ಕಡಿತವೂ ಆಯಿತು. ಕೊನೆಗೆ ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ: ರಾತ್ರಿ ನಿಲ್ಲಿಸಿದ ಟ್ರಿಪ್ಪುಗಳೂ ನಿಲ್ಲಿಸದ ಟ್ರಿಪ್ಪುಗಳೂ ವಾಶಿ ತಲುಪಿದ್ದರಲ್ಲಿ ಇದ್ದ ವ್ಯತ್ಯಾಸ ಎರಡು ಗಂಟೆ, ಎರಡೂ ಕಡೆ ಸಾಲಿನಲ್ಲಿ ಕಾದದ್ದು ಒಂದು ದಿನಕ್ಕೂ ಹೆಚ್ಚು. ಅವರು ಒಪ್ಪಿದೆ ಎನ್ನಲಿಲ್ಲ. ಫೋನು ಮಾತ್ರ ನಿಂತಿತು.

ಘಾಟಿಗಳ ವಿಷಯದಲ್ಲಿ ಒಂದು ಮಾತು ಬರೆಯದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಹೊಸಬರಿಗೆ ಅಡ್ಡದಾರಿ ಕಲಿಸುವವರು ಡಾಬಾಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆವರೇಜು, ಅಂದರೆ ಲೀಟರು ಡೀಸೆಲಿಗೆ ಓಡಿದ ಕಿಲೋಮೀಟರು, ಚೆನ್ನಾಗಿ ಕೊಟ್ಟವನಿಗೆ ಮಾಲೀಕರು ಉಳಿದ ಡೀಸೆಲಿನ ಹಣದಲ್ಲಿ ಪಾಲು ಕೊಡುತ್ತಾರೆ. ಆದ್ದರಿಂದ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಬಿಡುವ ಚಾಳಿ. ಸಾತಾರಾ ಕಡೆಯಿಂದ ಖಂಬಾಟ್ಕಿ ಸುರಂಗ ದಾಟಿದ ಕೂಡಲೇ ಬರುತ್ತಿದ್ದ ಎಸ್ ತಿರುವಿನಲ್ಲಿ, ಪುಣೆಯಲ್ಲಿ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಉದ್ದನೆಯ ಇಳಿಜಾರಿನಲ್ಲಿ ನಡೆದ ಅಪಘಾತಗಳಲ್ಲಿ ಎಷ್ಟೋ ಈ ಚಾಳಿಯಿಂದಲೇ ಆದವು. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಇಪ್ಪತ್ತೈದು ಟನ್ನಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ಮು ಕಾದು ಲೈನರಿನ ಹಿಡಿತ ಹೋಗುತ್ತದೆ, ಹೆದರಿ ಮತ್ತೆ ಮತ್ತೆ ತುಳಿದರೆ ಏರ್ ಪ್ರೆಶರೂ ಇಳಿಯುತ್ತದೆ. ಹತ್ತುವಾಗ ಹಾಕುತ್ತಿದ್ದ ಗೇರಿನಲ್ಲೇ ಇಳಿ ಎಂಬುದು ಹಿರಿಯರ ಪಾಠ. ನಾನು ಒಮ್ಮೆ, ಅವರು ಮಲಗಿದ್ದಾಗ, ಬೆಳಗಾವಿ ದಾಟಿ ಒಂಟಮುರಿ ಘಾಟಿಯಲ್ಲಿ ನ್ಯೂಟ್ರಲ್‌ಗೆ ಬಿಟ್ಟಿದ್ದೆ. ಮುಂದೆ ಅಡ್ಡ ಬಂದ ಬೈಕಿಗೆ ಬ್ರೇಕು ತುಳಿದಾಗ ಬಂದ ಸುಟ್ಟ ವಾಸನೆ ಸಂಕೇಶ್ವರದವರೆಗೂ ಮೂಗಿನಲ್ಲಿತ್ತು. ಆ ಟ್ರಿಪ್ಪಿನಲ್ಲಿ ನನಗೆ ಉಳಿದದ್ದು ಬಹುಶಃ ಅರ್ಧ ಲೀಟರು.

ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟು ರದ್ದಾದಾಗ ನಾವು ಕಳಂಬೋಲಿಯಲ್ಲಿದ್ದೆವು. ಟ್ರಿಪ್ಪಿನ ಖರ್ಚಿಗೆಂದು ನನ್ನ ಒಳಜೇಬಿನಲ್ಲಿದ್ದ ಹಣವೆಲ್ಲ ಆ ನೋಟುಗಳೇ. ಹೆದ್ದಾರಿಯ ಟೋಲನ್ನು ಡಿಸೆಂಬರ್ 2ರವರೆಗೆ ಎತ್ತಿದರು, ಪಂಪುಗಳಲ್ಲಿ ಹಳೆಯ ನೋಟು ನಡೆಯುತ್ತಿತ್ತು. ಆದರೆ ಡಾಬಾದವನು ಬೇಡವೆಂದ, ಹಮಾಲರಿಗೆ ಕೊಡಲು ವ್ಯಾಪಾರಿಗಳ ಹತ್ತಿರ ಚಿಲ್ಲರೆ ಇರಲಿಲ್ಲ, ಲೋಡೇ ಹುಟ್ಟಲಿಲ್ಲ. ಆರು ದಿನ ನಿಂತೆವು. ಟೂಲ್ ಬಾಕ್ಸಿನಲ್ಲಿದ್ದ ಸೀಮೆಎಣ್ಣೆ ಸ್ಟೌವನ್ನು ಗಾಡಿಯ ಪಕ್ಕ ಹಚ್ಚಿ, ಮನೆಯಿಂದ ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತಿರುವಿ, ಅಕ್ಕಪಕ್ಕದ ಇಬ್ಬರು ರಾಜಸ್ಥಾನದ ಡ್ರೈವರುಗಳಿಗೂ ಬಡಿಸಿದೆ. ಅವರು ಅಗಿಯಲು ಹೋಗಿ ಪಟ್ಟ ಪಾಡು ಬೇರೆಯೇ ಕಥೆ. ಸ್ವಂತ ಅಡುಗೆ ಅಭ್ಯಾಸವಾದದ್ದು ಆಗ. ಡಾಬಾದ ಎಣ್ಣೆಯಿಂದಲೂ, ಎಲ್ಲಿ ನಿಲ್ಲಿಸುವುದೋ ಎಂದು ನೀರನ್ನೇ ಕುಡಿಯದೆ ಇದ್ದುದರಿಂದಲೂ ಮೂರು ತಿಂಗಳಲ್ಲಿ ಶುರುವಾಗಿದ್ದ ಹೊಟ್ಟೆಯುರಿ ಮತ್ತು ಉರಿಮೂತ್ರ ಆ ತಿಂಗಳಿನಿಂದಲೇ ಇಳಿಯಿತು.

ಮನೆಯ ವಿಷಯ ಹೇಗೆ ಬರೆಯಬೇಕೋ ತಿಳಿಯದು. ಹಿರಿಯೂರು ಬೈಪಾಸಿನಿಂದ ನನ್ನ ಮನೆ ಐದು ಕಿಲೋಮೀಟರು. ಬೆಂಗಳೂರಿಗೆ ಹೋಗುವಾಗ ಅದನ್ನು ರಾತ್ರಿ ಒಂದು ಗಂಟೆಗೋ ಎರಡಕ್ಕೋ ದಾಟಿಹೋಗುವುದಿತ್ತು, ದೀಪ ಕಾಣದಿದ್ದರೂ ಎಡಕ್ಕೆ ತಿರುಗಿ ನೋಡುತ್ತಿದ್ದೆ. ಜನವರಿಯಿಂದ ಆ ನಿಲುಗಡೆಯನ್ನೂ ಲೆಕ್ಕಕ್ಕೆ ಸೇರಿಸಿದೆ: ಚಿತ್ರದುರ್ಗ ದಾಟುವಾಗ ಫೋನು ಮಾಡಿದರೆ, ಹಗಲಾಗಿದ್ದರೆ, ಹೆಂಡತಿ ಮಗುವನ್ನು ಕರೆದುಕೊಂಡು ತಮ್ಮನ ಬೈಕಿನಲ್ಲಿ ಬೈಪಾಸಿಗೆ ಬರುತ್ತಿದ್ದಳು. ಇಪ್ಪತ್ತು ನಿಮಿಷ. ಮಗಳು ಹೆಚ್ಚಿನ ಹೊತ್ತು ನನ್ನೊಡನೆ ಮಾತಾಡದೆ ಹಾರ್ನು ಒತ್ತುತ್ತಿದ್ದಳು.

ಫೆಬ್ರುವರಿಯಲ್ಲಿ ಹಿರಿಯರು ಬೇರೆ ಗಾಡಿಗೆ ಹೋದರು, ನನ್ನ ಗಾಡಿಗೆ ಚಳ್ಳಕೆರೆಯ ಇಪ್ಪತ್ತು ವರ್ಷದ ಹುಡುಗನೊಬ್ಬ ಕ್ಲೀನರಾಗಿ ಬಂದ. ವಾಶಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಾಲಿನಲ್ಲಿ ನಿಂತ ಕೂಡಲೇ ನಾನು ಟ್ಯಾಂಕಿನ ಬದಿಗೆ ತಾಡಪಾಲು ಹಾಸಿ, ಮಲಗು ಎಂದೆ. ನಿದ್ದೆ ಬರುತ್ತಿಲ್ಲ, ಮಾರ್ಕೆಟ್ಟು ನೋಡಿಕೊಂಡು ಬರುತ್ತೇನೆ ಎಂದ. ಬರದಿದ್ದರೂ ಕಣ್ಣು ಮುಚ್ಚಿಕೊಂಡಿರು ಎಂದು ಗದರಿಸಿ, ಹಿಂದಿನ ಗಾಡಿಯವನಿಗೆ ಚಹಾ ಹೇಳಿ ನಾನೂ ಮಲಗಿದೆ. ಸಂಜೆ ನಾಲ್ಕಕ್ಕೆ ನಮ್ಮ ನಂಬರು ಕೂಗಿದಾಗ ನಾನು ಎದ್ದೆ. ಅವನನ್ನು ಎಬ್ಬಿಸಲು ಮುಖಕ್ಕೆ ನೀರು ಹಾಕಬೇಕಾಯಿತು.