ರೆಡಿಂಗ್‌ನಿಂದ ಬಾತ್: ನಂಬರ್ 4 ಸೈಕಲ್ ದಾರಿಯನ್ನು ಮ್ಯಾಪಿಗೆ ಕೂರಿಸಿದ ನನ್ನ ಅನುಭವ

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬ್ರಿಟನ್ನಿನ ನಂಬರ್ 4 ಸೈಕಲ್ ದಾರಿಯ ಒಂದು ತುಂಡನ್ನು ಸೇರಿಸಿದ್ದೇನೆ. ಹೋದ ವಾರ ಆ ಮ್ಯಾಪಿನ ದಾರಿಗಳನ್ನು ತೋರಿಸುವ ವೇಮಾರ್ಕ್ಡ್ ಟ್ರೇಲ್ಸ್ ತಾಣ ತೆರೆದು ನೋಡಿದೆ. ರೆಡಿಂಗ್‌ನಿಂದ ಬಾತ್‌ವರೆಗೆ ನಂಬರ್ 4ರ ಏರಿಳಿತದ ಗೆರೆ ಒಂದೇ ಉಸಿರಿಗೆ ಓಡುತ್ತದೆ. ಎಲ್ಲೂ ತುಂಡಿಲ್ಲ, ಹಿಂದೆ ಮುಂದೆ ಜಿಗಿಯುವುದಿಲ್ಲ. ದಾರಿಯ ಜಿಪಿಎಕ್ಸ್ ಫೈಲನ್ನು ಫೋನಿಗೆ ಇಳಿಸಿಕೊಂಡು ಹ್ಯಾಂಡಲ್ ಮೇಲೆ ಹಾಕಿಕೊಂಡರೆ ತಪ್ಪದೆ ಕರೆದುಕೊಂಡು ಹೋಗುತ್ತದೆ. ಇದು ಆಗೋದಿಲ್ಲ ಅಂದವರು ಕಮ್ಮಿ ಇರಲಿಲ್ಲ. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ, ನನಗಿಂತ ಹಳೇ ಮ್ಯಾಪರ್, "ಗುರು, ಮನೇಲಿ ಕೂತು ಏರಿಯಲ್ ಚಿತ್ರ ನೋಡ್ಕೊಂಡು ಮಾಡೋ ಕೆಲಸಕ್ಕೆ ಯಾಕೋ ಮಂಡಿ ಸವೆಸ್ಕೋತೀಯ?" ಅಂದಿದ್ದ. ಇಲ್ಲಿನ ಹಿರಿಯರೊಬ್ಬರು ಇನ್ನೂ ನಯವಾಗಿ, ದಾರಿಯನ್ನು ಸಣ್ಣ ಸಣ್ಣ ರಿಲೇಶನ್ (ರಸ್ತೆ ತುಂಡುಗಳನ್ನು ಒಂದು ದಾರಿಯಾಗಿ ಕಟ್ಟುವ ಪಟ್ಟಿ) ಮಾಡಿದರೆ ಆರು ತಿಂಗಳಲ್ಲಿ ಚೂರುಚೂರಾಗುತ್ತೆ ಅಂದರು. ಹದಿನಾಲ್ಕು ತಿಂಗಳಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಬ್ರಿಟನ್ನಿನ ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನಲ್ಲಿ ನಂಬರ್ 4 ದೊಡ್ಡ ದಾರಿ. ಲಂಡನ್ನಿನ ಗ್ರೀನಿಚ್‌ನಲ್ಲಿ ಹೊರಟು ವೇಲ್ಸ್‌ನ ಫಿಶ್‌ಗಾರ್ಡ್ ಮುಟ್ಟುತ್ತದೆ, ಹತ್ತಿರ ಹತ್ತಿರ 430 ಮೈಲಿ. ನಾನು ಹಿಡಿದದ್ದು ನನ್ನ ಮನೆ ಹತ್ತಿರದ ತುಂಡು, ರೆಡಿಂಗ್‌ನಿಂದ ಬಾತ್, 85 ಮೈಲಿ ಆಸುಪಾಸು. ಎರಡು ತುದಿಯಲ್ಲಿ ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆ, ನಡುವೆ ಹಳ್ಳಿ ರಸ್ತೆ. ಅಂದಹಾಗೆ, ಯಾವ ದೇಶದ ರಾಷ್ಟ್ರೀಯ ಸೈಕಲ್ ದಾರಿಗೂ ನಾವು ಮ್ಯಾಪಿನಲ್ಲಿ ಹಾಕುವ ಎನ್‌ಸಿಎನ್ ಅನ್ನುವ ಟ್ಯಾಗ್ (ಗುರುತಿನ ಪದ) ಹುಟ್ಟಿದ್ದೇ ಈ ನೆಟ್‌ವರ್ಕಿನ ಹೆಸರಿಂದ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾಗಿದ್ದೂ ಈ ದೇಶದಲ್ಲೇ. ತವರುಮನೆಯಲ್ಲೇ ದಾರಿ ಹರಕುಮುರುಕಾಗಿದ್ದರೆ ಚೆಂದವಾ?

ಮೊದಲ ಸಲ ನಾನೂ ಮನೆಯಲ್ಲೇ ಕೂತು ಮಾಡಿದೆ. ಚಾರಿಟಿ ಅಂಗಡಿಯಲ್ಲಿ ಒಂದು ಪೌಂಡಿಗೆ ಹಳೇ ಸೈಕಲ್ ನಕ್ಷೆ ಸಿಕ್ಕಿತು. ಮೂರು ರಾತ್ರಿ ಕೂತು, ಅದನ್ನು ಪಕ್ಕದಲ್ಲಿ ಹರಡಿಕೊಂಡು, ಸುಮಾರು 40 ಕಿ.ಮೀ. ಸೇರಿಸಿಬಿಟ್ಟೆ. ನಾಲ್ಕನೇ ದಿನ ಯಾರೋ ಒಬ್ಬರು ತುಂಬಾ ಮರ್ಯಾದೆಯಿಂದ ಕೇಳಿದರು, ಇದರ ಮೂಲ ಯಾವುದು ಅಂತ. ನಕ್ಷೆ ತಿರುಗಿಸಿ ನೋಡಿದರೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಹಕ್ಕುಸ್ವಾಮ್ಯ. ಅಲ್ಲಿಂದ ಕಾಪಿ ಹೊಡೆದದ್ದು ನಮ್ಮ ಮ್ಯಾಪಿನಲ್ಲಿ ಇರುವ ಹಾಗಿಲ್ಲ. ಹಾಕಿದ ಕೈಯಲ್ಲೇ ಅಳಿಸಿದೆ. ಅಳಿಸೋಕೆ ಹತ್ತು ನಿಮಿಷ ಸಾಕಾಯ್ತು, ಅದೇ ಬೇಜಾರು.

ಆಮೇಲೆ ತೀರ್ಮಾನ ಮಾಡಿದೆ. ಕಂಬದ ಮೇಲೆ ನಾನೇ ಕಂಡ ಫಲಕ ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಇಲ್ಲ. ಇಲ್ಲಿನ ಫಲಕ ನಿಮಗೆ ಗೊತ್ತಿರಬಹುದು, ನೀಲಿ ಹಲಗೆ, ಬಿಳಿ ಸೈಕಲ್, ಕೆಂಪು ಚೌಕದಲ್ಲಿ ನಂಬರ್. ಕೆಂಪು ಅಂದರೆ ರಾಷ್ಟ್ರೀಯ ದಾರಿ, ನೀಲಿ ಚೌಕವಾದರೆ ಪ್ರಾದೇಶಿಕ. ತುಂಬಾ ಕಡೆ ಹಲಗೆಯೇ ಇಲ್ಲ, ದೀಪದ ಕಂಬಕ್ಕೆ ಅಂಗೈ ಅಗಲದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರ ಮೇಲೆ ಐವಿ ಬಳ್ಳಿ ಹಬ್ಬಿರುತ್ತದೆ. ನ್ಯೂಬರಿ ದಾಟಿದ ಮೇಲೆ ಒಂದು ಕಂಬದ ಬಳ್ಳಿಯನ್ನು ಬೆರಳಲ್ಲಿ ಸರಿಸಿದಾಗ ಮೊದಲು ಕಂಡದ್ದು ಕೆಂಪಿನ ಒಂದು ಚೂರು. ಉಗುರಿನಿಂದ ಪಾಚಿ ಕೆರೆದೆ. 4ರ ಅರ್ಧ ಕಾಲು ಬಂತು. ಪಕ್ಕದಲ್ಲಿ ಬಾಣದ ಗುರುತು, ಮಾಸಿ ಬೆಳ್ಳಗಾಗಿದೆ, ಬೆಳಕಿಗೆ ಓರೆಯಾಗಿ ನಿಂತರೆ ಮಾತ್ರ ಎಡಕ್ಕೆ ಅಂತ ಗೊತ್ತಾಗುತ್ತದೆ. ಮನೆಯಲ್ಲಿ ಕೂತವರು ಅಲ್ಲಿ ನೇರ ಗೆರೆ ಎಳೆದಿದ್ದರು. ನಾನು ಎಡಕ್ಕೆ ತಿರುಗಿಸಿದೆ.

ಹಾಗಂತ ಕಂಡ ಫಲಕವೆಲ್ಲ ಸತ್ಯ ಅಲ್ಲ. ಒಂದು ಊರಿನ ಹೊರಗೆ ಫಲಕದಲ್ಲಿ 4 ಇತ್ತು, ಆದರೆ ಬ್ರ್ಯಾಕೆಟ್ಟಿನೊಳಗೆ. ಅಂದಕ್ಕೆ ಹಾಕಿರಬೇಕು ಅಂದುಕೊಂಡು ಆ ರಸ್ತೆಯನ್ನೂ ಸೇರಿಸಿದೆ. ಹೀಗೆ ಮೂರ್ನಾಲ್ಕು ಕಡೆ ಸೇರಿ ಹನ್ನೊಂದು ಕಿ.ಮೀ. ಆಗಿತ್ತು. ಬ್ರ್ಯಾಕೆಟ್ ಇದ್ದರೆ "ಈ ಕಡೆ ಹೋದರೆ ನಂಬರ್ 4 ಸಿಗುತ್ತೆ" ಅಂತ ಅರ್ಥ, ಇದೇ ನಂಬರ್ 4 ಅಂತಲ್ಲ. ಬ್ರ್ಯಾಕೆಟ್ಟಿಗೆ ಕನ್ನಡದಲ್ಲಿ ಕಂಸ ಅಂತಾರಲ್ಲ, ನನ್ನ ಪಾಲಿಗೆ ನಿಜವಾದ ಕಂಸನೇ. ಬಾಲ ಬಾಲವಾಗಿ ಚಾಚಿದ್ದ ಆ ಕೊಂಬೆಗಳನ್ನು ಕತ್ತರಿಸಲು ಒಂದು ಭಾನುವಾರ ಹೋಯಿತು.

ಇನ್ನೊಂದು, ಒಂದೇ ದಿಕ್ಕಿನಲ್ಲಿ ತುಳಿದು ಬಂದು ಮುಗೀತು ಅನ್ನಬೇಡಿ. ಪೇಟೆಯೊಳಗೆ ಏಕಮುಖ ರಸ್ತೆ ಇದ್ದರೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಯಾವ ರಸ್ತೆ ಯಾವ ದಿಕ್ಕಿಗೆ ಅಂತ ರಿಲೇಶನ್‌ನಲ್ಲಿ ಫಾರ್ವರ್ಡ್, ಬ್ಯಾಕ್‌ವರ್ಡ್ ಅನ್ನುವ ಗುರುತು ಹಾಕಬಹುದು. ಆದರೆ ಬಾತ್ ಕಡೆಯಿಂದ ಬರುವಾಗ ಮಾತ್ರ ಕಾಣುವ ಫಲಕಗಳು ನನ್ನ ಲೆಕ್ಕದಲ್ಲಿ ಮೂವತ್ತಕ್ಕೂ ಜಾಸ್ತಿ ಇದ್ದವು. ಕಂಬದ ಬೆನ್ನು ನೋಡಿಕೊಂಡು ಹೋದವನಿಗೆ ಅವು ಹೇಗೆ ಗೊತ್ತಾಗಬೇಕು?

ಈಗ ಜನ ನಂಬದಿದ್ದ ಭಾಗಕ್ಕೆ ಬರುತ್ತೇನೆ. ಇಂಥ ದಾರಿಯನ್ನು ಒಂದೇ ಉದ್ದ ರಿಲೇಶನ್ ಮಾಡುತ್ತಾರೆ, ಇಲ್ಲ ಕೌಂಟಿ (ಇಲ್ಲಿನ ಜಿಲ್ಲೆ) ಗಡಿಯಲ್ಲಿ ತುಂಡು ಮಾಡುತ್ತಾರೆ. ನಾನು ರೈಲು ನಿಲ್ದಾಣದಲ್ಲಿ ತುಂಡು ಮಾಡಿದೆ. ರೆಡಿಂಗ್–ನ್ಯೂಬರಿ, ನ್ಯೂಬರಿ–ಗ್ರೇಟ್ ಬೆಡ್ವಿನ್, ಬೆಡ್ವಿನ್–ಪ್ಯೂಸಿ, ಪ್ಯೂಸಿ–ಬ್ರಾಡ್‌ಫರ್ಡ್ ಆನ್ ಏವನ್, ಅಲ್ಲಿಂದ ಬಾತ್. ಐದು ಮಕ್ಕಳು, ಮೇಲೊಂದು ತಾಯಿ ರಿಲೇಶನ್. ಕೌಂಟಿ ಗಡಿ ಎಲ್ಲೋ ಹೊಲದ ನಡುವೆ ಇರುತ್ತದೆ, ಅಲ್ಲಿಗೆ ಹೋಗಿ ಏನು ಪರೀಕ್ಷೆ ಮಾಡ್ತೀರಿ? ನಿಲ್ದಾಣವಾದರೆ ಬೆಳಿಗ್ಗೆ ಇಳಿದು, ಒಂದು ತುಂಡು ತುಳಿದು, ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಿ ಊಟದ ಹೊತ್ತಿಗೆ ಮನೆ. ಒಂದು ತುಂಡು ಒಂದು ದಿನದ ಕೆಲಸ. ಕೆಟ್ಟರೆ ಯಾವ ತುಂಡು ಅಂತ ತಕ್ಷಣ ಗೊತ್ತಾಗುತ್ತದೆ. ಉದ್ದ ರಿಲೇಶನ್‌ನಲ್ಲಿ ಐನೂರು ಆರುನೂರು ರಸ್ತೆ ತುಂಡುಗಳ ನಡುವೆ ಒಂದು ಬಿರುಕು ಹುಡುಕುವುದು ಅಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಪ್ಯೂಸಿ–ಬ್ರಾಡ್‌ಫರ್ಡ್ ತುಂಡೊಂದೇ ನನ್ನನ್ನು ಆಟ ಆಡಿಸಿದ್ದು. ನಡುವೆ ಡಿವೈಜಸ್ ಊರಿದೆ, ಅಲ್ಲಿ ರೈಲಿಲ್ಲ, 1966ರಲ್ಲೇ ನಿಲ್ಲಿಸಿದ್ದಾರೆ. ಆ ಊರಿನ ಪಶ್ಚಿಮಕ್ಕೆ ಕೇನ್ ಹಿಲ್ ಅಂತ ಇಳಿಜಾರು, ಕಾಲುವೆಗೆ ಒಟ್ಟು 29 ಲಾಕ್‌ಗಳು (ದೋಣಿಯನ್ನು ಏರಿಸಿ ಇಳಿಸುವ ಗೇಟಿನ ಕಟ್ಟೆಗಳು), ಅದರಲ್ಲಿ 16 ಒಂದರ ಕೆಳಗೊಂದು ಮೆಟ್ಟಿಲ ಹಾಗೆ. ಕೆಳಗೆ ನಿಂತು ಮೇಲೆ ನೋಡಿದರೆ ಬರೀ ಕಪ್ಪು ಬಿಳುಪಿನ ಮರದ ತೋಳುಗಳು. ಅಲ್ಲೇ ನನಗೆ ಎರಡು ಪಂಕ್ಚರ್ ಒಂದೇ ಮಧ್ಯಾಹ್ನ. ಅದಕ್ಕೆ ಸ್ವಲ್ಪ ಮೊದಲು ಹಳ್ಳಿ ರಸ್ತೆಯಲ್ಲಿ ಬೇಲಿ ಕತ್ತರಿಸಿದ್ದರು. ಶರತ್ಕಾಲದಲ್ಲಿ ಇಲ್ಲಿ ಟ್ರ್ಯಾಕ್ಟರಿಗೆ ಯಂತ್ರ ಕಟ್ಟಿ ಹಾಥಾರ್ನ್ ಬೇಲಿ ಸವರುತ್ತಾರೆ, ಮುಳ್ಳೆಲ್ಲ ರಸ್ತೆ ಮೇಲೆ. ನಮ್ಮ ಕಡೆಯ ಜಾಲಿ ಮುಳ್ಳಿಗೇನೂ ಕಮ್ಮಿ ಇಲ್ಲ. ಎರಡನೇ ಟ್ಯೂಬೂ ಹೋದ ಮೇಲೆ ಆರು ಮೈಲಿ ಸೈಕಲ್ ತಳ್ಳಿಕೊಂಡು ಹೋದೆ. ಒಂದು ಲಾಭ ಆಯ್ತು, ನಡೆಯುವಾಗ ಕಣ್ಣಿಗೆ ಬಿದ್ದ ಎರಡು ಸ್ಟಿಕ್ಕರ್ ತುಳಿಯುವಾಗ ಬಿದ್ದಿರಲೇ ಇಲ್ಲ.

ಖರ್ಚು ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಸೈಕಲ್ 190 ಪೌಂಡ್. ರೈಲಿಗೆ ಒಂಬತ್ತೋ ಹತ್ತೋ ಓಡಾಟ, ಒಟ್ಟು 160 ಇರಬೇಕು. ವೇಗದ ರೈಲಿನಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾಯ್ದಿರಿಸದೆ ಹೋಗಿ ಒಂದು ಬೆಳಿಗ್ಗೆ ಹಾಗೇ ವಾಪಸ್ ಬಂದೆ. ಟೈರ್ ಜೋಡಿಗೆ ಐವತ್ತೈದು, ಏಳು ಟ್ಯೂಬಿಗೆ ನಲವತ್ತು ಚಿಲ್ಲರೆ. ಆಕ್ಷನ್ ಕ್ಯಾಮೆರಾ 110, ಅದು ದಂಡ, ಯಾಕೆ ಅಂತ ಹೇಳ್ತೀನಿ. ಎಲ್ಲ ಸೇರಿ ಐನೂರೈವತ್ತು ದಾಟಿತು. ಊರಿನ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕ್ಯಾಮೆರಾವನ್ನು ಹ್ಯಾಂಡಲ್‌ಗೆ ಕಟ್ಟಿ ಎರಡು ಸೆಕೆಂಡಿಗೊಂದು ಫೋಟೋ ತೆಗೆಯುವ ಹಾಗೆ ಬಿಟ್ಟೆ. ಆಮೇಲೆ ರಸ್ತೆ ಫೋಟೋ ಹಂಚುವ ಮ್ಯಾಪಿಲರಿ ತಾಣಕ್ಕೆ ಹಾಕಿ ಕೂತಲ್ಲೇ ಫಲಕ ಹುಡುಕುವ ಯೋಚನೆ. ಬಂದಿದ್ದು ಒಂಬತ್ತು ಸಾವಿರ ಫೋಟೋ, ಅದರಲ್ಲಿ ಎಂಟೂವರೆ ಸಾವಿರ ಬೇಲಿ. ದಂಡೆಯ ಕಲ್ಲು ಮಣ್ಣಿನ ಮೇಲೆ ಕುಲುಕಿ ಫಲಕವೆಲ್ಲ ನೀಲಿ ಮಸಿ. ಈಗ ಫಲಕ ಕಂಡಲ್ಲೆಲ್ಲ ನಿಂತು ಫೋನಿನಲ್ಲೇ ತೆಗೆಯುತ್ತೇನೆ, ಜೊತೆಗೆ ಧ್ವನಿ ಮುದ್ರಣ. ಫೋನನ್ನು ಹಳೇ ಕಾಲುಚೀಲದೊಳಗೆ ತೂರಿಸಿ ಎದೆ ಜೇಬಿನಲ್ಲಿ ಇಟ್ಟರೆ ಗಾಳಿಯ ಸದ್ದು ಬರೋಲ್ಲ. ಕನ್ನಡದಲ್ಲೇ ಮಾತಾಡುತ್ತೇನೆ: "ಹತ್ತು ನಲವತ್ತೆರಡು. ಸೇತುವೆ ಆದ್ಮೇಲೆ ಎಡಕ್ಕೆ. ಕೆಂಪು ನಾಲ್ಕು. ಬ್ರ್ಯಾಕೆಟ್ ಇಲ್ಲ." ನಾಯಿ ಹಿಡಿದುಕೊಂಡು ಬರುವ ಅಜ್ಜಿಯರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ, ಅಷ್ಟೇ.

ಜಿಪಿಎಸ್ ಗೆರೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಮರಗಳ ಕೆಳಗೆ ಫೋನ್ ತನ್ನಿಷ್ಟ ಬಂದಂತೆ ಓಡಾಡುತ್ತದೆ. ಒಂದು ಕಡೆ ನನ್ನ ಟ್ರ್ಯಾಕ್ ಪ್ರಕಾರ ನಾನು ಮುನ್ನೂರು ಮೀಟರ್ ಕಾಲುವೆಯ ನೀರಿನ ಮೇಲೇ ಸೈಕಲ್ ತುಳಿದಿದ್ದೆ. ಅದನ್ನೇ ನೋಡಿಕೊಂಡು ದಂಡೆಯನ್ನು ಎಳೆದು ಸರಿಸಿದ್ದೆ ನಾನು! ಒಂದೇ ದಿನದಲ್ಲಿ ದೋಣಿಯವರೊಬ್ಬರು ಬಂದು ವಾಪಸ್ ಎಳೆದರು.

ದಾರಿ ಬಿಟ್ಟು ಬೇರೆ ಎರಡು ಹುಚ್ಚೂ ಹಿಡಿಯಿತು. ಒಂದು, ಮಿಲೆನಿಯಮ್ ಮೈಲಿಗಂಬಗಳು. ನೆಟ್‌ವರ್ಕಿನ ಉದ್ದಕ್ಕೂ ಸಾವಿರದಷ್ಟು ಎರಕದ ಕಬ್ಬಿಣದ ಕಂಬಗಳಿವೆ, ನಾಲ್ಕು ಬಗೆಯವು. ಸಿಕ್ಕ ಒಂದೊಂದನ್ನೂ ಮ್ಯಾಪಿಗೆ ಹಾಕಿದೆ, ಯಾರಿಗೆ ಉಪಯೋಗ ಅಂತ ಕೇಳಬೇಡಿ. ಇನ್ನೊಂದು, ದಾರಿಗೆ ಅಡ್ಡ ಇರುವ ಗೇಟು, ಬೈಕು ನುಗ್ಗದಿರಲಿ ಅಂತ ಹಾಕಿದ ಕಬ್ಬಿಣದ ಅಡ್ಡಪಟ್ಟಿ. ಸುಮ್ನೆ ಒಂದು ಟೇಪ್ ಹಿಡಿದು ಅಗಲ ಅಳೆದು ಟ್ಯಾಗ್ ಮಾಡಿದೆ. ನಾನು ಮಾಡಿದ್ದರಲ್ಲಿ ಜನ ನೆನೆಸಿಕೊಂಡು ಥ್ಯಾಂಕ್ಸ್ ಹೇಳಿದ್ದು ಇದೊಂದಕ್ಕೇ. ಮಕ್ಕಳನ್ನು ಕೂರಿಸುವ ಟ್ರೇಲರ್ ಕಟ್ಟಿಕೊಂಡು ಹೋಗುವವರಿಗೆ ನಂಬರ್ 4 ಎಲ್ಲಿ ಹೋಗುತ್ತೆ ಅನ್ನೋದಕ್ಕಿಂತ ಎಲ್ಲಿ ಸಿಕ್ಕಿಹಾಕಿಕೊಳ್ತೀವಿ ಅನ್ನೋದೇ ಮುಖ್ಯ.

ಒಂದು ಎಚ್ಚರಿಕೆ. 2020ರಲ್ಲಿ ಈ ನೆಟ್‌ವರ್ಕಿನಿಂದ ಹತ್ತಿರ ಹತ್ತಿರ ಕಾಲು ಭಾಗ ದಾರಿಯನ್ನು ಕೈಬಿಟ್ಟರು, ವಾಹನ ಜಾಸ್ತಿ, ಸುರಕ್ಷಿತ ಅಲ್ಲ ಅಂತ. ಆಗ ಉಳಿದದ್ದು 12,700 ಮೈಲಿ ಚಿಲ್ಲರೆ. ಕೈಬಿಟ್ಟ ಕಡೆ ಹಳೇ ಸ್ಟಿಕ್ಕರ್ ಇನ್ನೂ ಕಂಬಕ್ಕೆ ಅಂಟಿಕೊಂಡಿದ್ದರೆ ನನ್ನ ಸೂತ್ರ ಅಲ್ಲಿ ಸೋಲುತ್ತದೆ. ಅಂಥದ್ದು ಸಿಕ್ಕಿದರೆ ನಾನು ಮುಟ್ಟುವುದಿಲ್ಲ, ಮೊದಲು ಆ ಊರಿನ ಮ್ಯಾಪರ್‌ಗಳನ್ನು ಕೇಳುತ್ತೇನೆ.

ಇದೇ ಕೆಲಸ ಕರ್ನಾಟಕದಲ್ಲಿ ಯಾಕೆ ಮಾಡಬಾರದು ಅಂತ ಬೆಂಗಳೂರಿನ ಅದೇ ಗೆಳೆಯ ಕೇಳಿದ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಎಷ್ಟೊಂದು ಜನ ತುಳಿಯುತ್ತಾರೆ, ಅದನ್ನು ರೂಟ್ ರಿಲೇಶನ್ ಮಾಡೋಣ ಅಂದ. ಅಲ್ಲಿ ನಂಬರ್ ಎಲ್ಲಿದೆ, ಫಲಕ ಎಲ್ಲಿದೆ? ನಮಗಿಷ್ಟ ಅಂತ ಒಂದು ದಾರಿಗೆ ಎನ್‌ಸಿಎನ್ ಹಚ್ಚಿದರೆ ನಾಳೆ ಇನ್ನೊಬ್ಬ ಅವನ ದಾರಿಗೆ ಹಚ್ಚುತ್ತಾನೆ. ಅಲ್ಲಿ ಮಾಡೋದಾದರೆ ಹಳ್ಳಿಗಳ ಕನ್ನಡ ಹೆಸರು ಹಾಕು ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಕಾಯುವ ವಿಷಯ. ಹಾಕುವುದು ಸುಲಭ, ಉಳಿಸಿಕೊಳ್ಳೋದು ಕಷ್ಟ. ಹೊಸಬರು ರಸ್ತೆಯನ್ನು ಕತ್ತರಿಸುತ್ತಾರೆ, ಕೂಡಿಸುತ್ತಾರೆ, ಅಳಿಸಿ ಹೊಸದಾಗಿ ಎಳೆಯುತ್ತಾರೆ, ರಿಲೇಶನ್ ಇದೆ ಅಂತಲೇ ಗೊತ್ತಿರೋಲ್ಲ. ತಪ್ಪು ಅವರದ್ದಲ್ಲ. ನನ್ನ ಐದು ತುಂಡುಗಳಲ್ಲಿ ಯಾವುದು ಹರಿದರೂ ಬೆಳಿಗ್ಗೆ ಕಾಫಿಗೆ ಮೊದಲು ನನಗೆ ಮೇಲ್ ಬರುವ ಹಾಗೆ ಮ್ಯಾಪಿನ ಡೇಟಾ ಹುಡುಕಿಕೊಡುವ ಓವರ್‌ಪಾಸ್‌ಗೆ ಒಂದು ಪ್ರಶ್ನೆ ಬರೆದಿದ್ದೇನೆ. ಹನ್ನೆರಡು ಸಾಲು. ಅದನ್ನು ಇಲ್ಲಿ ಹಾಕೋದಿಲ್ಲ, ಬೇಕಾದವರು ಒಂದು ತುಂಡು ತುಳಿದು ಬಂದು ಕೇಳಲಿ. ಈವರೆಗೆ ಹದಿನೇಳು ಸಲ ಹರಿದಿದೆ, ಒಂದು ಸಲವೂ ಎರಡನೇ ರಾತ್ರಿ ಕಂಡಿಲ್ಲ. ಆರು ತಿಂಗಳಲ್ಲಿ ಚೂರಾಗುತ್ತೆ ಅಂದ ಹಿರಿಯರು ಮೊನ್ನೆ ತಮ್ಮ ಕಡೆಯ ದಾರಿಯನ್ನು ನಿಲ್ದಾಣಗಳಲ್ಲಿ ಕತ್ತರಿಸುತ್ತಿದ್ದರು. ಅವರ ತಿದ್ದುಪಡಿಯ ದಾಖಲೆ (ಚೇಂಜ್‌ಸೆಟ್) ನೋಡಿದೆ. ನನ್ನ ಹೆಸರು ಹಾಕಿಲ್ಲ, ಇರಲಿ.

ಮುಂದಿನದು ಬಾತ್‌ನಿಂದ ಬ್ರಿಸ್ಟಲ್. ಹಳೇ ರೈಲು ಮಾರ್ಗದ ಮೇಲೆ ಮಾಡಿದ 13 ಮೈಲಿ ದಾರಿ, ಟಾರು ಹಾಕಿದೆ, ಮುಳ್ಳಿನ ಕಾಟ ಕಮ್ಮಿ. ನನ್ನ ಹೆಂಡತಿಯೂ ಬರ್ತೀನಿ ಅಂದಿದ್ದಾಳೆ. "ರೀ, ಒಂದೇ ಷರತ್ತು, ಕಂಬ ಕಂಡಲ್ಲೆಲ್ಲ ನಿಲ್ಲಬಾರದು" ಅಂದಳು. ಹೂಂ ಅಂದಿದ್ದೇನೆ. ಕಾಲುಚೀಲ ಮಾತ್ರ ಬ್ಯಾಗಿನ ಅಡಿಯಲ್ಲಿದೆ.